ಮಳೆಗಾಲದ ಇಂಟರ್‌ವ್ಯೂಗೆ ಕೋಟು ಹಾಕಲಾ?

ಪ್ರಶ್ನೆ: ನಾನು ಹಾವೇರಿಯವನು. ಜುಲೈನಲ್ಲಿ ಮಂಗಳೂರಿನಲ್ಲಿ ಇಂಟರ್‌ವ್ಯೂ ಇದೆ, ಅಕೌಂಟ್ಸ್ ಕೆಲಸ. ಅಣ್ಣನ ಮದುವೆಗೆ ಹೊಲಿಸಿದ ಕೋಟು ಇದೆ, ಆದರೆ ಭುಜದಲ್ಲಿ ಬಿಗಿ. ತಿಳಿನೀಲಿ ಶರ್ಟ್ ಚೆನ್ನಾಗಿದೆ, ಕಾಲರ್ ಮಡಿಕೆ ಮಾತ್ರ ಸವೆದು ನೂಲು ಎದ್ದಿದೆ. ಯಾವುದು ಹಾಕಲಿ?

ಉತ್ತರ: ಕೋಟು ಬೇಡ ಮಾರಾಯ್ರೆ! ಮಳೆ ಬಿಟ್ಟ ಕೂಡಲೇ ಇಲ್ಲಿ ಸೆಕೆ. ಶರ್ಟ್ ಸಾಕು. ಟೈಲರ್ ಹತ್ತಿರ ಕಾಲರ್ ಬಿಚ್ಚಿಸಿ, ಮಗುಚಿ ಹೊಲಿಸಿ. ಸವೆದ ಭಾಗ ಅಡಿಗೆ ಹೋಗುತ್ತದೆ.

ಇನ್ನೊಂದು ಉತ್ತರ: ಶೂ ಬಗ್ಗೆ ಯಾರೂ ಹೇಳಲಿಲ್ಲ, ಅಲ್ವಾ? ನಾನು ಒದ್ದೆ ಶೂನಲ್ಲಿ ಪಚಪಚ ಅಂತ ಒಳಗೆ ಹೋಗಿದ್ದೆ. ಮೂವರೂ ನನ್ನ ಕಾಲನ್ನೇ ನೋಡಿದರು. ಚಪ್ಪಲಿಯಲ್ಲಿ ಹೋಗಿ, ಶೂ, ಸಾಕ್ಸ್ ಕವರಿನಲ್ಲಿರಲಿ.

ಪ್ರಶ್ನೆ ಕೇಳಿದವರು: ಕಾಲರ್ ಕೊಟ್ಟು ಬಂದೆ, 40 ರೂಪಾಯಿ. ಅಮ್ಮ ಮಾತ್ರ ಇನ್ನೂ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಾಳೆ.