ಎಪ್‌ಕಾಟ್‌ನ ವರ್ಲ್ಡ್ ಶೋಕೇಸ್ ಮಕ್ಕಳಿಗೆ ಹಿಡಿಸುತ್ತದೆಯೇ?

ಪ್ರಶ್ನೆ:
ನಮಸ್ಕಾರ. ಮುಂದಿನ ತಿಂಗಳು ಏಳು ಮತ್ತು ನಾಲ್ಕು ವರ್ಷದ ಮಕ್ಕಳೊಂದಿಗೆ ಫ್ಲಾರಿಡಾದ ಡಿಸ್ನಿ ಮನರಂಜನಾ ಉದ್ಯಾನವಾದ ಎಪ್‌ಕಾಟ್‌ಗೆ ಹೋಗುತ್ತಿದ್ದೇವೆ. 11 ದೇಶಗಳ ಮಂಟಪಗಳಿರುವ ವರ್ಲ್ಡ್ ಶೋಕೇಸ್ ಭಾಗದಲ್ಲಿ ಆಟಗಳು ಕಡಿಮೆ ಎಂದು ಕೇಳಿದ್ದೇನೆ. ಅಲ್ಲಿ ಮಕ್ಕಳು ಅರ್ಧ ದಿನವಾದರೂ ಸಂತೋಷದಿಂದ ಇರಬಲ್ಲರೇ?

ಉತ್ತರ 1:
ಖಂಡಿತ ಇರಬಲ್ಲರು, ಆದರೆ ಹನ್ನೊಂದನ್ನೂ ಮುಗಿಸಲೇಬೇಕೆಂಬ ಹಟ ಬೇಡ. ಮಂಟಪಗಳ ನಡುವಿನ ಕೊಳದ ಸುತ್ತಲಿನ ದಾರಿಯೇ ಸುಮಾರು 2 ಕಿಲೋಮೀಟರ್ ಇರುವುದರಿಂದ ಚಿಕ್ಕ ಮಗುವಿಗೆ ತಳ್ಳುಗಾಡಿ ಬೇಕೇ ಬೇಕು. ಮೆಕ್ಸಿಕೋ ಮಂಟಪದ ಪಿರಮಿಡ್ಡಿನೊಳಗೆ ಸದಾ ಮುಸ್ಸಂಜೆಯ ಬೆಳಕು, ಅಲ್ಲಿಯೇ ದೋಣಿಯಾನವೂ ಇದೆ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟ ನನ್ನ ಮಗಳು ದನಿ ತಗ್ಗಿಸಿ, "ಅಮ್ಮಾ, ಇಷ್ಟು ಬೇಗ ರಾತ್ರಿ ಆಯ್ತಾ?" ಎಂದು ಕೇಳಿದ್ದಳು.

ಉತ್ತರ 2:
ಜಪಾನ್ ಮಂಟಪದ ಐದಂತಸ್ತಿನ ಪಗೋಡದ (ಬೌದ್ಧ ಗೋಪುರದ) ಮುಂದೆ ತಪ್ಪದೆ ನಿಲ್ಲಿ. ಅದರ ಅಂತಸ್ತುಗಳು ಭೂಮಿ, ನೀರು, ಬೆಂಕಿ, ಗಾಳಿ, ಆಕಾಶಗಳನ್ನು ಸೂಚಿಸುತ್ತವೆ ಎಂದಾಗ, ಅಜ್ಜಿಯಿಂದ ಪಂಚಭೂತಗಳ ಹೆಸರು ಕಲಿತಿದ್ದ ನನ್ನ ಮಗ ಕೆಳಗಿನಿಂದ ಒಂದೊಂದಾಗಿ ಬೆರಳು ತೋರಿಸಿ ಹೇಳಿದ. 1984ರಲ್ಲಿ ತೆರೆದ ಮೊರಾಕ್ಕೊ ಮಂಟಪದ ಬಣ್ಣದ ಹೆಂಚುಚೂರುಗಳ ಕುಸುರಿಯಂತೂ ಆ ದೇಶದ ಅಂದಿನ ದೊರೆ ಎರಡನೆಯ ಹಸನ್ ಕಳುಹಿಸಿದ ಕುಶಲಕರ್ಮಿಗಳ ಕೈಕೆಲಸ. ಅದನ್ನು ಮಕ್ಕಳು ಹತ್ತಿರದಿಂದ ನೋಡಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರು ನಾಲ್ಕು ದೇಶಗಳನ್ನಷ್ಟೇ ಆರಿಸಿಕೊಳ್ಳುತ್ತೇವೆ. ಪಂಚಭೂತಗಳ ಹೆಸರನ್ನು ಇಂದು ರಾತ್ರಿಯೇ ಮಕ್ಕಳಿಗೆ ಹೇಳಿಕೊಡುತ್ತೇನೆ.