ಮನೆಯೊಳಗಿನ ಆಮೆ ಮೇಜಿಗೆ ಒಂದೇ ಮರ್ಕ್ಯುರಿ ಬಲ್ಬ್ ಸಾಕೇ?

ಸುಮಾ_ಲೀಡ್ಸ್
ಮೂರು ವರ್ಷದ ಹರ್ಮನ್ ಜಾತಿಯ ಆಮೆ, ಚಿಪ್ಪು 9 ಸೆಂ.ಮೀ. ಉದ್ದ. 4 ಅಡಿಗೆ 2 ಅಡಿ ಮರದ ಮೇಜು, ಮೇಲೆ ಮುಚ್ಚಳ ಇಲ್ಲ. ಚಳಿಗಾಲದ ರಾತ್ರಿ ಕೋಣೆ 16 ಡಿಗ್ರಿಗೆ ಇಳಿಯುತ್ತೆ. ಅಂಗಡಿಯವರು 100 ವ್ಯಾಟ್ ಮರ್ಕ್ಯುರಿ ವೇಪರ್ ಬಲ್ಬ್ ಒಂದಿದ್ದರೆ ಬಿಸಿ, ಬೆಳಕು, ಯುವಿಬಿ (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ) ಮೂರೂ ಆಯ್ತು ಅಂದರು. ಜೊತೆಗೆ ರಾತ್ರಿಗೆ ಬೆಳಕಿಲ್ಲದೆ ಬಿಸಿ ಕೊಡುವ ಸೆರಾಮಿಕ್ ಹೀಟರ್, ಕೆಳಗೆ ಹೀಟ್ ಮ್ಯಾಟ್. ಇದರಲ್ಲಿ ಯಾವುದು ಬೇಕು, ಯಾವುದು ಬೇಡ? ಥರ್ಮೋಸ್ಟಾಟ್ ಯಾವುದಕ್ಕೆ?

ತುಂಗಾತೀರ
ಮರ್ಕ್ಯುರಿ ಬಲ್ಬನ್ನು ಸುಮ್ಮನೆ ತಳ್ಳಿಹಾಕಬೇಡಿ. ಯುವಿಬಿ ಬಿದ್ದಾಗ ಚರ್ಮದಲ್ಲಿ ವಿಟಮಿನ್ ಡಿ3ಯ ಪೂರ್ವರೂಪ ಮಾತ್ರ ಹುಟ್ಟುತ್ತದೆ. ಅದು ಡಿ3 ಆಗಿ ಬದಲಾಗಲು ಮೈ ಬೆಚ್ಚಗಿರಬೇಕು. ಆದ್ದರಿಂದ ಬಿಸಿ ಒಂದು ಮೂಲೆಯಲ್ಲಿ, ಯುವಿಬಿ ಇನ್ನೊಂದು ಮೂಲೆಯಲ್ಲಿ ಇದ್ದರೆ ಪ್ರಯೋಜನ ಕಡಿಮೆ. ಮರ್ಕ್ಯುರಿ ಬಲ್ಬಿನಲ್ಲಿ ಎರಡೂ ಒಂದೇ ಜಾಗಕ್ಕೆ ಬೀಳುತ್ತವೆ, ತಪ್ಪುವ ಪ್ರಶ್ನೆಯೇ ಇಲ್ಲ.

ನಂದಿನಿ ಕೆ.
ತುಂಗಾತೀರ ಅವರೇ, ಎರಡೂ ಒಂದೇ ಜಾಗಕ್ಕೆ ಬೀಳಬೇಕು ಅನ್ನೋದು ನೂರಕ್ಕೆ ನೂರು ಸರಿ. ಆದರೆ ಅದಕ್ಕೆ ಒಂದೇ ಬಲ್ಬ್ ಆಗಬೇಕಿಲ್ಲ. ಮರ್ಕ್ಯುರಿ ವೇಪರ್ ಬಲ್ಬಿಗೆ ಡಿಮ್ಮರ್ ಹಾಕುವ ಹಾಗಿಲ್ಲ. ಬಿಸಿ ಹೆಚ್ಚಾಯ್ತು ಅಂತ ಮೇಲಕ್ಕೆ ಎತ್ತಿದರೆ ಯುವಿಬಿ ಇಳಿಯುತ್ತೆ, ಯುವಿಬಿ ಸಾಲದು ಅಂತ ಕೆಳಗಿಳಿಸಿದರೆ ಚಿಪ್ಪು ಕಾಯುತ್ತೆ. ಎತ್ತು ಏರಿಗೆ, ಕೋಣ ನೀರಿಗೆ. ಇನ್ನೂ ಒಂದು ತೊಂದರೆ ಇದೆ. ಕರೆಂಟ್ ಒಂದು ಕ್ಷಣ ಹೋಗಿ ಬಂದರೂ ಬಲ್ಬ್ ತಣ್ಣಗಾಗುವ ತನಕ ಮತ್ತೆ ಹೊತ್ತಿಕೊಳ್ಳಲ್ಲ.

ಸುಮಾ, ನಿಮ್ಮ ಮೇಜಿಗೆ ನಾನು ಹೇಳೋದು ಹೀಗೆ. 39 ವ್ಯಾಟ್, ಸುಮಾರು 85 ಸೆಂ.ಮೀ. ಉದ್ದದ ಟಿ5 (ತೆಳ್ಳನೆ ಟ್ಯೂಬ್‌ಲೈಟ್ ಬಗೆ) ಹೈ ಔಟ್‌ಪುಟ್ ಯುವಿಬಿ ಟ್ಯೂಬ್, ಯುವಿಬಿ ಪಾಲು 12 ಪರ್ಸೆಂಟ್‌ದು, ರಿಫ್ಲೆಕ್ಟರ್ ಸಮೇತ. ಅದನ್ನು ಬಿಸಿಯ ತುದಿಗೆ ಸರಿಸಿ ತೂಗುಹಾಕಿ, ಆಗ ಇನ್ನೊಂದು ತುದಿಯಲ್ಲಿ ಒಂದಡಿಗೂ ಹೆಚ್ಚು ಜಾಗ ಟ್ಯೂಬಿನಿಂದ ಆಚೆ ಉಳಿಯುತ್ತೆ. ಟ್ಯೂಬಿನ ಪಕ್ಕದಲ್ಲೇ, ಬಿಸಿಗೆ, ಬೆಳಕನ್ನು ಅಗಲವಾಗಿ ಚೆಲ್ಲುವ ಹ್ಯಾಲೋಜನ್ ಫ್ಲಡ್ ಬಲ್ಬ್. ಟ್ಯೂಬ್ ಚಿಪ್ಪಿನಿಂದ ಸುಮಾರು 40 ಸೆಂ.ಮೀ. ಎತ್ತರದಲ್ಲಿ ಇರಲಿ, ಆಮೇಲೆ ಮೀಟರ್ ಹಿಡಿದು ಸರಿಪಡಿಸಿ. ಸೋಲಾರ್‌ಮೀಟರ್ 6.5 (ಯುವಿ ಸೂಚ್ಯಂಕ ಅಳೆಯುವ ಉಪಕರಣ) ಹಿಡಿದರೆ ಬಿಸಿಲು ಕಾಯುವ ಜಾಗದಲ್ಲಿ, ಚಿಪ್ಪಿನ ಮಟ್ಟದಲ್ಲಿ, ಯುವಿ ಸೂಚ್ಯಂಕ 3ರಿಂದ 4 ಬರಬೇಕು. ತಂಪು ತುದಿಯಲ್ಲಿ 1ಕ್ಕಿಂತ ಕಡಿಮೆ, ಅಡಗುಗೂಡಿನೊಳಗೆ ಸೊನ್ನೆ.

ವೈರ್‌ಮನ್_ಹುಬ್ಬಳ್ಳಿ
ಕರೆಂಟಿನ ಮಾತು ನಾ ಹೇಳ್ತೀನ್ರಿ. ಹ್ಯಾಲೋಜನ್‌ಗೆ ಪಿಂಗಾಣಿ ಹೋಲ್ಡರ್ರೇ ಆಗಬೇಕು, ಪ್ಲಾಸ್ಟಿಕ್ ಹೋಲ್ಡರ್ ಕಾದು ಮೆತ್ತಗಾಗಿ ಬಲ್ಬ್ ಜಾರತೈತಿ. ಕ್ಲಿಪ್ ಲ್ಯಾಂಪ್ ನಂಬಬ್ಯಾಡ್ರಿ, ಸರಪಳಿಯಿಂದ ತೂಗಹಾಕ್ರಿ, ಮ್ಯಾಲೆ ಇನ್ನೊಂದು ಸರಪಳಿ ಸುರಕ್ಷತೆಗೆ. ಕೆಳಗ ಒಣ ಮರದ ಮೇಜು ಐತಿ ಅನ್ನೋದು ಮರೀಬಾರದು. ವೈರ್ ಪ್ಲಗ್‌ಗೆ ಹೋಗೋ ಮೊದಲು ಕೆಳಗ ಬಾಗಿ ಮ್ಯಾಲೆ ಏರಬೇಕು, ನೀರು ಚಿಮಕಿಸಿದಾಗ ಹನಿ ಅಲ್ಲೇ ಕೆಳಗ ಬೀಳತೈತಿ, ಪ್ಲಗ್‌ಗೆ ಹರಿಯೂದಿಲ್ಲ. ಮುಂದ 75 ವ್ಯಾಟಿನ ಬಲ್ಬ್ ಎರಡು ಹಾಕಿದರೂ, 39ರ ಟ್ಯೂಬ್ ಸೇರಿ ಒಟ್ಟು 189 ವ್ಯಾಟ್. ದಿನಕ್ಕ 12 ತಾಸು ಉರಿದರ ಸುಮಾರು ಎರಡೂಕಾಲು ಯೂನಿಟ್. ಹ್ಯಾಲೋಜನ್‌ಗೆ ಡಿಮ್ಮಿಂಗ್ ಥರ್ಮೋಸ್ಟಾಟ್ ಹಾಕ್ರಿ. ಟ್ಯೂಬನ್ನ ಮಾತ್ರ ಅದಕ್ಕ ಜೋಡಿಸಬ್ಯಾಡ್ರಿ, ಅದಕ್ಕ ಟೈಮರ್ ಸಾಕು.

ನಂದಿನಿ ಕೆ.
ವೈರ್‌ಮನ್ ಅಣ್ಣ, ಥರ್ಮೋಸ್ಟಾಟ್ ವಿಷಯದಲ್ಲಿ ನಂದು ಬೇರೆ ಮಾತು. ಮೇಜು ತೆರೆದಿದೆ, ಬಿಸಿ ಮೇಲಕ್ಕೆ ಹೋಗಿಬಿಡುತ್ತೆ. ಕೋಣೆ ಸ್ವಲ್ಪ ಬೆಚ್ಚಗಾದ ಕೂಡಲೇ ಥರ್ಮೋಸ್ಟಾಟ್ ಬಲ್ಬನ್ನು ಮಂಕು ಮಾಡುತ್ತೆ. ಆಮೆಗೆ ಅದು ಮೋಡ ಕವಿದ ಹಾಗೆ, ಹೊರಗೆ ಬರೋದೇ ಇಲ್ಲ. ಕೈಯಿಂದ ತಿರುಗಿಸುವ ಡಿಮ್ಮರ್ ಹಾಕಿ, ಒಮ್ಮೆ ಸರಿಯಾಗಿ ಹೊಂದಿಸಿ, ಬೆಳಿಗ್ಗೆ ಟೈಮರ್ ಹಚ್ಚಲಿ, ಸಂಜೆ ಆರಿಸಲಿ.

ವೈರ್‌ಮನ್_ಹುಬ್ಬಳ್ಳಿ
ಬ್ಯಾಸಿಗ್ಯಾಗ ಕೋಣೆ 28 ಆದರ? ಮನ್ಯಾಗ ಯಾರೂ ಇಲ್ಲದಾಗ?

ನಂದಿನಿ ಕೆ.
ಅಂಥ ದಿನ ತಂಪು ತುದಿಯ ಒದ್ದೆ ಮಣ್ಣೊಳಗೆ ಆಮೆ ಹುದುಗಿಕೊಳ್ಳುತ್ತೆ. ಅದಕ್ಕೆ ಜಾಗ ಇರಬೇಕು ಅಷ್ಟೆ. ಮುಚ್ಚಿದ ಪೆಟ್ಟಿಗೆಯಾದರೆ ನಿಮ್ಮ ಮಾತೇ ಸರಿ, ಅಲ್ಲಿ ಥರ್ಮೋಸ್ಟಾಟ್ ಇಲ್ಲದೆ ಆಗಲ್ಲ. ಇನ್ನೊಂದು ಗಮನಿಸಿ: ಆಮೆ ನೆಲ ಅಗೆದು ಪ್ರೋಬನ್ನು (ಥರ್ಮೋಸ್ಟಾಟಿನ ಬಿಸಿ ಅಳೆಯುವ ತುದಿ) ಮಣ್ಣೊಳಗೆ ಹೂತುಬಿಟ್ಟರೆ ಥರ್ಮೋಸ್ಟಾಟ್ 'ಇನ್ನೂ ತಣ್ಣಗಿದೆ' ಅಂತ ಬಲ್ಬನ್ನು ಪೂರ್ತಿ ಉರಿಸುತ್ತೆ.

ವೈರ್‌ಮನ್_ಹುಬ್ಬಳ್ಳಿ
ಹಂಗಾದರ ಪ್ರೋಬ್ ನೆಲದ ಮ್ಯಾಲೆ ಬಿಡಬ್ಯಾಡ್ರಿ, ಚಿಪ್ಪಿನ ಎತ್ತರಕ್ಕ ಗೋಡೆಗೆ ಕ್ಲಿಪ್ ಹೊಡೀರಿ. ಬಲ್ಬಿನ ಎತ್ತರ, ಡಿಮ್ಮರ್ ಎರಡೂ ನೀವು ಹೇಳಿದಂಗ ಹೊಂದಿಸಿ, ಥರ್ಮೋಸ್ಟಾಟನ್ನ 38ಕ್ಕ ಇಟ್ಟರ ಅದು ಕಾವಲಿಗೆ ಮಾತ್ರ. ದಿನಾ ಕೆಲಸ ಮಾಡೂದಿಲ್ಲ, ಅನಾಹುತದ ದಿನ ಮಾಡತೈತಿ. ಇದರಾಗ ನಾ ಬಿಟ್ಟುಕೊಡೂದಿಲ್ಲ.

ಸುಮಾ_ಲೀಡ್ಸ್
ಬಿಸಿ ಎಷ್ಟಿರಬೇಕು, ಎಲ್ಲಿ ಅಳೆಯೋದು?

ಗುಬ್ಬಿಗೂಡು
ಚಿಪ್ಪಿನ ಮೇಲ್ಮಟ್ಟದಲ್ಲಿ 33ರಿಂದ 35 ಡಿಗ್ರಿ, ತಂಪು ತುದಿಯಲ್ಲಿ 20–22. ಹೆಚ್ಚಿನವರು ನೆಲದ ಮೇಲೆ ಅಳೆಯುತ್ತಾರೆ, ಆದರೆ ಚಿಪ್ಪಿನ ಬೆನ್ನು ನೆಲಕ್ಕಿಂತ ಐದಾರು ಸೆಂ.ಮೀ. ಬಲ್ಬಿಗೆ ಹೆಚ್ಚು ಹತ್ತಿರ. ಅಷ್ಟೇ ಎತ್ತರದ ಕಲ್ಲೊಂದನ್ನು ಬಲ್ಬಿನ ಕೆಳಗೆ ಇಡಿ, ಪ್ರೋಬ್ ಥರ್ಮಾಮೀಟರಿನ ತುದಿಯನ್ನು ಅದರ ಮೇಲೆ ಕೂರಿಸಿ, ಒಂದು ತಾಸು ಬಿಟ್ಟು ಓದಿ. ಆಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಕಲ್ಲಿನ ಮೈ ನೋಡಿ, 40 ದಾಟಿದ್ದರೆ ಬಲ್ಬ್ ಏರಿಸಿ.

ಬಿಸಿಯ ವೃತ್ತದ ಅಗಲವೂ ಮುಖ್ಯ. ಸ್ಪಾಟ್ ಬಲ್ಬಿನಲ್ಲಿ ಬೆನ್ನಿನ ನಡುವೆ ನಾಣ್ಯದಷ್ಟು ಜಾಗ ಸುಡುತ್ತಿರುತ್ತದೆ, ಕಾಲು, ತಲೆ ತಣ್ಣಗೇ. ಮೈ ಬೆಚ್ಚಗಾಗಲಿಲ್ಲವೆಂದು ಆಮೆ ಅಲ್ಲೇ ಕೂತಿರುತ್ತದೆ, ಬೆನ್ನು ಒಣಗುತ್ತಾ ಹೋಗುತ್ತದೆ. ಈಗ ಒಂದು ಫ್ಲಡ್ ಸಾಕು. ದೊಡ್ಡದಾದ ಮೇಲೆ ಎರಡನ್ನು ಒತ್ತಿನಲ್ಲಿ ಹಾಕಿ, ಇಡೀ ಮೈ ಆ ವೃತ್ತದೊಳಗೆ ಬರಬೇಕು.

ಟ್ಯೂಬ್ ನೆತ್ತಿಯ ಮೇಲೇ ಇರಲಿ, ಪಕ್ಕದ ಗೋಡೆಗೆ ಬೇಡ. ಸೂರ್ಯನ ಹಾಗೆ ಮೇಲಿಂದ ಬೆಳಕು ಬಂದಾಗ ಹುಬ್ಬಿನ ಅಂಚು ಕಣ್ಣಿಗೆ ನೆರಳು ಕೊಡುತ್ತದೆ. ಪಕ್ಕದಿಂದ ಯುವಿಬಿ ಬಿದ್ದರೆ ಕಣ್ಣು ಊದಿಕೊಂಡು ಮುಚ್ಚುತ್ತದೆ.

ತುಂಗಾತೀರ
ಡಿಮ್ಮರ್ ವಿಷಯ ಒಪ್ಪಿದೆ. ಆದರೆ ರಾತ್ರಿ 16 ಡಿಗ್ರಿ ಅಂದರೆ ಎಳೆ ಪ್ರಾಣಿಗೆ ಚಳಿಯಲ್ಲವೇ? ಸೆರಾಮಿಕ್ ಹೀಟರ್ ಇರಲಿ ಅನ್ನಿಸುತ್ತದೆ.

ಗುಬ್ಬಿಗೂಡು
ಆರೋಗ್ಯವಾಗಿರುವ ಹರ್ಮನ್‌ಗೆ ಬೇಡ. ಮೆಡಿಟರೇನಿಯನ್ ತೀರದಲ್ಲೂ ರಾತ್ರಿ ತಂಪೇ. ಹಗಲು ಸರಿಯಾಗಿ ಮೈ ಕಾಯಿಸಿಕೊಂಡರೆ ಸಾಕು. ದಕ್ಷಿಣ ಅಮೆರಿಕದ ಕೆಂಪುಗಾಲಿನ ಆಮೆಯಾಗಿದ್ದರೆ ರಾತ್ರಿಯೂ 24ರ ಸುಮಾರು ಬೇಕಾಗುತ್ತಿತ್ತು, ಅದು ಬೇರೆ ಲೆಕ್ಕ. ಕಾಯಿಲೆ ಬಿದ್ದಾಗ ಪಶುವೈದ್ಯರು ಹೇಳಿದರೆ ಸೆರಾಮಿಕ್ ಹೀಟರ್ ಹಾಕಿ, ಕರೆಂಟನ್ನು ಬಿಟ್ಟುಬಿಟ್ಟು ಕೊಡುವ ಪಲ್ಸ್ ಥರ್ಮೋಸ್ಟಾಟ್ ಜೊತೆ. ದಿನವಿಡೀ ಅದನ್ನೇ ಉರಿಸಿದರೆ ಬೆಳಕಿಲ್ಲದ ಒಣ ಕಾವು. ಹ್ಯಾಲೋಜನ್‌ನ ಕಿರಣ ಮೈಯೊಳಗೆ ಇಳಿಯುವಷ್ಟು ಅದರದು ಇಳಿಯುವುದಿಲ್ಲ.

ಹೀಟ್ ಮ್ಯಾಟ್ ಬೇಡವೇ ಬೇಡ. ಸೆಕೆಯಾದಾಗ ಆಮೆ ತಂಪು ಹುಡುಕಿ ಕೆಳಗೆ ಅಗೆಯುತ್ತದೆ. ಕೆಳಗೇ ಬಿಸಿ ಇದ್ದರೆ ಅದು ಇನ್ನೆಲ್ಲಿಗೆ ಹೋಗಬೇಕು? ರಾತ್ರಿಗೆ ಕೆಂಪು ಬಲ್ಬೂ ಬೇಡ, ಆಮೆಗೆ ಬಣ್ಣ ಚೆನ್ನಾಗಿ ಕಾಣುತ್ತದೆ. ರಾತ್ರಿ ಅಂದರೆ ಕತ್ತಲೆ.

ನಂದಿನಿ ಕೆ.
ಒಣ ಕಾವು ಅಂದಿದ್ದು ಒಳ್ಳೇದಾಯ್ತು. ಬೆನ್ನಿನ ಮೇಲೆ ಗೋಪುರದ ಹಾಗೆ ಉಬ್ಬು ಏಳೋದಕ್ಕೆ ಪ್ರೋಟೀನ್ ಒಂದೇ ಕಾರಣ ಅಂತ ಬಹಳ ಜನ ಹೇಳ್ತಾರೆ. ಆಫ್ರಿಕಾದ ಸುಲ್ಕಾಟ ಮರಿಗಳ ಮೇಲೆ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಾಳಿಯ ತೇವಾಂಶದ ಪ್ರಭಾವವೇ ದೊಡ್ಡದಾಗಿ ಕಂಡಿತ್ತು. ಆದ್ದರಿಂದ ಗೊಬ್ಬರ ಬೆರೆಸದ ಮೇಲ್ಮಣ್ಣು, ತೆಂಗಿನ ನಾರಿನ ಪುಡಿ ಕಲಸಿ 10–15 ಸೆಂ.ಮೀ. ದಪ್ಪ ಹಾಕಿ. ಮೂಲೆಯಲ್ಲಿ ನೀರು ಸುರಿದು ತಳ ತೇವವಾಗಿಡಿ, ಮೇಲ್ಪದರ ಒಣಗಿರಲಿ. ಹ್ಯಾಲೋಜನ್ ಕೆಳಗೆ ಒಂದು ಚಪ್ಪಟೆ ಕಡಪ ಕಲ್ಲೋ ಸ್ಲೇಟೋ ಇಡಿ.

ಕೋಲಾರ_ಹುಡುಗ
ನಮ್ಮ ತೋಟದಲ್ಲಿ ನಕ್ಷತ್ರ ಆಮೆ ಸಿಕ್ಕಿದೆ. ಅದಕ್ಕೂ ಇದೇ ಟ್ಯೂಬ್ ಆಗುತ್ತಾ? ಸದ್ಯ ಗಾಜಿನ ಕಿಟಕಿ ಹತ್ತಿರ ಬಿಸಿಲಿಗೆ ಇಟ್ಟಿದ್ದೇನೆ.

ಗುಬ್ಬಿಗೂಡು
ತಮ್ಮಾ, ಅದನ್ನು ಇಟ್ಟುಕೊಳ್ಳಬೇಡ. ನಕ್ಷತ್ರ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿದೆ. ಸಾಕುವುದೇ ಅಪರಾಧ. ಈಗಲೇ ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ಫೋನ್ ಮಾಡಿ, ಸಿಕ್ಕ ಜಾಗ ಸರಿಯಾಗಿ ತಿಳಿಸು. ಅಲ್ಲಿಯತನಕ ನೆರಳಲ್ಲಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿರಲಿ. ಕಿಟಕಿ ಗಾಜು ಯುವಿಬಿಯನ್ನು ತಡೆಯುತ್ತದೆ, ಬಿಸಿಯನ್ನು ಒಳಗೆ ಬಿಡುತ್ತದೆ. ಅಲ್ಲಿಂದ ಮೊದಲು ತೆಗಿ.

ಸುಮಾ_ಲೀಡ್ಸ್
ಎಲ್ಲರಿಗೂ ಧನ್ಯವಾದ. ನನ್ನ ಆಮೆಯ ಕಾಗದಪತ್ರ, ಅಂದರೆ ಇಲ್ಲಿ ಬ್ರಿಟನ್ನಿನಲ್ಲಿ ಇಂಥ ಆಮೆ ಮಾರಲು ಬೇಕಾದ ಆರ್ಟಿಕಲ್ 10 ಪ್ರಮಾಣಪತ್ರ, ಸರಿಯಾಗಿದೆ. ಕೊನೇ ಪ್ರಶ್ನೆ: ಬೆಕ್ಕು ಇದೆ, ಮೇಲೆ ಜಾಲರಿ ಹಾಕಬೇಕು. ಟ್ಯೂಬ್ ಜಾಲರಿ ಮೇಲಿಟ್ಟರೆ ಆಗುತ್ತಾ?

ನಂದಿನಿ ಕೆ.
ಸಣ್ಣ ಕಣ್ಣಿನ ಜಾಲರಿ ಯುವಿಬಿಯ ಮೂರನೇ ಒಂದು ಭಾಗದಿಂದ ಅರ್ಧದಷ್ಟು ತಿಂದುಬಿಡುತ್ತೆ. ಟ್ಯೂಬ್ ಜಾಲರಿಯ ಒಳಗೇ ಇರಲಿ. ಆಗದಿದ್ದರೆ ಒಂದು ಇಂಚಿನ ಅಗಲ ಕಣ್ಣಿನ ಜಾಲರಿ ತನ್ನಿ, ಟ್ಯೂಬನ್ನು ಕೆಳಗಿಳಿಸಿ, ಮೀಟರಿನಲ್ಲಿ ಮತ್ತೆ 3 ಬರುವ ತನಕ ಹೊಂದಿಸಿ. ಅಕ್ರಿಲಿಕ್ ಹಾಳೆ ಮುಚ್ಚಬೇಡಿ, ಸಾಧಾರಣ ಅಕ್ರಿಲಿಕ್ ಯುವಿಬಿ ಬಿಡಲ್ಲ. ಹಾಕಿದ ತಾರೀಕನ್ನು ಟ್ಯೂಬಿನ ತುದಿಯಲ್ಲಿ ಮಾರ್ಕರಿನಿಂದ ಬರೆದಿಡಿ. ಬೆಳಕು ಮೊದಲಿನಷ್ಟೇ ಕಂಡರೂ ಯುವಿಬಿ ಕುಗ್ಗಿರುತ್ತೆ. ಮೀಟರ್ ಇಲ್ಲದಿದ್ದರೆ 12 ತಿಂಗಳಿಗೆ ಬದಲಾಯಿಸಿ.

ವೈರ್‌ಮನ್_ಹುಬ್ಬಳ್ಳಿ
ಟ್ಯೂಬ್ ತರೂ ಮುಂದ ಅದನ್ನ ಕೂಡಿಸೂ ಪಟ್ಟಿ (ಫಿಟ್ಟಿಂಗ್) ನೋಡ್ರಿ. ಟಿ5 ಹೈ ಔಟ್‌ಪುಟ್‌ಗೆ ಅದರದ್ದೇ ವ್ಯಾಟಿನ ಎಲೆಕ್ಟ್ರಾನಿಕ್ ಬ್ಯಾಲಾಸ್ಟ್ (ಟ್ಯೂಬಿಗೆ ಕರೆಂಟ್ ಹದ ಮಾಡಿ ಕೊಡೂದು) ಬೇಕು. ಹಳೇ ದಪ್ಪ ಟ್ಯೂಬಿನ ಟಿ8 ಪಟ್ಟಿ ಮನ್ಯಾಗ ಐತಿ ಅಂತ ಅದನ್ನ ತಂದರ ಪಿನ್ನೇ ಕೂಡೂದಿಲ್ಲ.