ಕುಡಿದು ಗಾಡಿ ಓಡಿಸಿದ್ದಕ್ಕೆ ದಂಡದ ಬದಲು ಚಿಕಿತ್ಸೆ ಕೇಳಬಹುದಾ?

ಪ್ರಶ್ನೆ: ನಮಸ್ಕಾರ ವಕೀಲ ಸರ್. ಹೋದ ಶನಿವಾರ ರಾತ್ರಿ ಬೆಂಗಳೂರಲ್ಲಿ ನನ್ನ ತಮ್ಮ ಪೊಲೀಸರ ಕೈಗೆ ಸಿಕ್ಕಿಬಿದ್ದ. ಊದಿಸಿದ ಮೆಷಿನ್ನಿನ ಚೀಟಿಯಲ್ಲಿ 146 ಅಂತ ಇದೆ. ಬೈಕ್ ಸ್ಟೇಷನ್ನಿನಲ್ಲಿದೆ. ಸಿಕ್ಕಿಬಿದ್ದಿದ್ದು ಮೊದಲ ಸಲ, ಆದರೆ ಕುಡಿತ ದಿನಾ ಇದೆ. ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಚಿಕ್ಕಮ್ಮನ ಮಗ ಹೀಗೇ ಸಿಕ್ಕಾಗ ಕುಡಿತದ ಬಗ್ಗೆ ತಿಳಿಹೇಳೋ ಕ್ಲಾಸಿಗೆ ಕಳಿಸಿದ್ದರಂತೆ. ಇಲ್ಲೂ ಹಾಗೆ ಕೇಳಬಹುದಾ?

ವಕೀಲರು: ಕೇಳಬಹುದು ಮೇಡಂ, ಆದರೆ ಕೊಡೋಕೆ ಕಾನೂನಿನಲ್ಲಿ ದಾರಿ ಇಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮಿತಿ ಇರೋದು 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ನಿಮ್ಮ ತಮ್ಮನದು ಹತ್ತಿರಹತ್ತಿರ ಐದು ಪಟ್ಟು. ‘ಒಂದೇ ಬಿಯರ್ ಸರ್’ ಅನ್ನೋ ಮಾತು ನಡೆಯಲ್ಲ. ಸುಮ್ನೆ ದಂಡ ಕಟ್ಟಿ ಬಂದರೆ ಮುಗೀತು ಅಂತಲೂ ಅಲ್ಲ. ತಪ್ಪೊಪ್ಪಿಕೊಂಡು ಕಟ್ಟಿದರೂ ಅದು ಶಿಕ್ಷೆಯೇ. 20ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಕನಿಷ್ಠ 6 ತಿಂಗಳು ಹೋಗಬೇಕು.

ಇನ್ನು ಕ್ಯಾಲಿಫೋರ್ನಿಯಾ. ಅಲ್ಲೂ ಕ್ಲಾಸ್ ದಂಡದ ಬದಲಿಗಲ್ಲ, ದಂಡದ ಜೊತೆಗೆ. ಮೊದಲ ಸಲಕ್ಕೆ ಸಾಮಾನ್ಯವಾಗಿ 3 ತಿಂಗಳು. ರಕ್ತದಲ್ಲಿ ಆಲ್ಕೋಹಾಲ್ ಶೇ. 0.20 ಅಥವಾ ಜಾಸ್ತಿ ಇದ್ದರೆ 9 ತಿಂಗಳು. ಎರಡನೇ ಸಲ 18 ತಿಂಗಳು. ಫೀಸೂ ಸಿಕ್ಕಿಬಿದ್ದವರೇ ಕಟ್ಟಬೇಕು.

ನಮ್ಮಲ್ಲಿ ಅಂಥ ಬಾಗಿಲು ಇರೋದು ಡ್ರಗ್ಸ್ ಕೇಸಿಗೆ. ಎನ್‌ಡಿಪಿಎಸ್ ಕಾಯ್ದೆಯ 39ನೇ ಸೆಕ್ಷನ್ನಿನಲ್ಲಿ, ಸೇದಿ ಸಿಕ್ಕಿಬಿದ್ದ ವ್ಯಸನಿ ಒಪ್ಪಿದರೆ ಜೈಲಿಗೆ ಕಳಿಸದೆ ಬಾಂಡ್ ಬರೆಸಿಕೊಂಡು ಚಿಕಿತ್ಸೆಗೆ ಕಳಿಸಬಹುದು. ಹೆಂಡಕ್ಕೆ ಅದಿಲ್ಲ. ವಿಚಿತ್ರ, ಅಲ್ವಾ?

ಪ್ರಶ್ನೆ: ಹೊಸ ಕಾನೂನಿನಲ್ಲಿ ಕುಡಿದವರಿಗೆ ಸಮುದಾಯ ಸೇವೆ ಇದೆ ಅಂತ ಓದಿದ್ದೆ ಸರ್?

ವಕೀಲರು: ಇದೆ. ಭಾರತೀಯ ನ್ಯಾಯ ಸಂಹಿತೆಯ 355ನೇ ಸೆಕ್ಷನ್. ಅದು ಕುಡಿದು ಬೀದಿಯಲ್ಲಿ ರಂಪ ಮಾಡಿದವರಿಗೆ, ಗಾಡಿ ಓಡಿಸಿದವರಿಗಲ್ಲ.

ನನ್ನ ಸಲಹೆ ಕೇಳಿದರೆ, ಕೋರ್ಟ್ ಹೇಳಲಿ ಅಂತ ಕಾಯಬೇಡಿ. ಈಗಲೇ ಚಿಕಿತ್ಸೆ ಶುರು ಮಾಡಿಸಿ. ಜೈಲೋ ದಂಡವೋ ಅನ್ನೋದು ಜಡ್ಜ್ ಕೈಲಿದೆ. ‘ಸೇರಿಸಿದ್ದೇವೆ’ ಅನ್ನೋ ಒಂದು ಪತ್ರಕ್ಕಿಂತ, ವಾರವಾರ ಹೋಗಿ ಬಂದ ತಾರೀಖುಗಳಿರುವ ಓಪಿಡಿ ಪುಸ್ತಕ ತೋರಿಸಿದರೆ ಮಾತಿಗೆ ತೂಕ ಬರುತ್ತದೆ. ದಂಡ ಮಾಫಿ ಆಗುತ್ತದೆ ಅಂತ ಮಾತ್ರ ನಾನು ಹೇಳಲಾರೆ.

ಮನೋವೈದ್ಯರು: ಒಂದು ಮಾತು ಸೇರಿಸುತ್ತೇನೆ. ಕೋರ್ಟಿನ ಭಯಕ್ಕೆ ಮನೆಯಲ್ಲೇ ಕೂಡಿಹಾಕಿ ಒಮ್ಮೆಲೇ ಬಿಡಿಸೋಕೆ ಹೋಗಬೇಡಿ ಅಕ್ಕ. ದಿನಾ ಕುಡಿಯುವವರು ದಿಢೀರಂತ ನಿಲ್ಲಿಸಿದರೆ ಕೈನಡುಕ ಬರುತ್ತದೆ, ಕೆಲವರಿಗೆ ಫಿಟ್ಸ್ ಕೂಡ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗಿ. ಕೊನೆಯ ಸಲ ಯಾವಾಗ, ಎಷ್ಟು ಕುಡಿದ ಅನ್ನೋದನ್ನ ಬರೆದಿಟ್ಟುಕೊಂಡು ಹೋಗಿ, ಡಾಕ್ಟರು ಮೊದಲು ಕೇಳೋದೇ ಅದನ್ನ.